ಹಿತ್ತಲ ಕೆಸ, ಮಳೆಗಾಲದ ಕರಕಲಿ

ಬಚ್ಚಲ ನೀರು ಹರಿಯೋ ಕಾಲುವೆ ಪಕ್ಕ ಕಪ್ಪು ದಂಟಿನ ಎಲೆ ಕಾಣ್ತಿದೆಯಲ್ಲ, ಅದೇ ಕರಿಕೆಸ. ಯಾರೂ ನೆಟ್ಟಿದ್ದಲ್ಲ. ನಮ್ಮ ಮಲೆನಾಡಿನ ಸಾಗರದ ಕಡೆ ಜೂನ್‌ ಮಳೆ ಹಿಡೀತು ಅಂದ್ರೆ ಸೊಪ್ಪಿಗೆ ಪೇಟೆಗೆ ಹೋಗೋ ಕೆಲಸವೇ ಇಲ್ಲ. ತೋಟದ ಅಂಚಲ್ಲಿ ಒಂದೆಲಗ, ದಾರಿ ಬದಿ ಚಗತೆ, ಹಲಸಿನ ಮರದ ಕವಲಲ್ಲಿ ಮರಕೆಸ. ಮರಕೆಸ ಪತ್ರೊಡೆಗೆ ಇರ್ಲಿ, ಇವತ್ತು ಕೆಸದ ಸೊಪ್ಪು ಬೇಯಿಸಿ ಬತ್ತಿಸೋ ಕರಕಲಿ.

ಕೈಗೆ ಕೊಬ್ಬರಿ ಎಣ್ಣೆ ಸವರ್ಕೊಂಡಿದ್ದು ತುರಿಕೆ ಆಗ್ಬಾರ್ದು ಅಂತ. ಕೆಸದೊಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಯಂಥ ಹರಳಾಗಿ ಕೂತಿರುತ್ತೆ, ಅರೆಬೆಂದಿದ್ದು ತಿಂದ್ರೆ ಗಂಟಲು ಕೆರೆಯೋದು ಅದಕ್ಕೇ. ಹಾಗಾಗಿ ಹುಳಿಗೆ ಕೈ ಹಿಡೀಬೇಡಿ. ನಾನು ಹಾಕ್ತಿರೋದು ಒಣಗಿಸಿದ ವಾಟೆಹುಳಿ. ಸಿಗದಿದ್ರೆ 20 ಎಲೆಗೆ ದೊಡ್ಡ ನಿಂಬೆಗಾತ್ರದ ಹುಣಸೆ.

ನಾರು ತೆಗೆದು ಹೆಚ್ಚಿದ ಸೊಪ್ಪು, ಹುಳಿ, ಉಪ್ಪು, ಒಂದು ಹಿಡಿ ಸೂಜಿಮೆಣಸು. ಚೆನ್ನಾಗಿ ಬೆಂದ ಮೇಲೆ ನುಣ್ಣಗೆ ಮಸೆದು, ಸಣ್ಣ ಉರೀಲಿ ಕುದಿಸ್ತಾ ಇರೋದು. ಪಾತ್ರೆ ತುಂಬಾ ಇದ್ದ ಸೊಪ್ಪು ಇಷ್ಟಕ್ಕಿಳೀತು ನೋಡಿ! ಕೊನೆಗೆ ಕೊಬ್ಬರಿ ಎಣ್ಣೇಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಬೆಳ್ಳುಳ್ಳಿ ಕಮ್ಮಿ ಹಾಕೋರ ಕರಕಲಿ ನಂಗೆ ಸೇರಲ್ಲ.

ಇದನ್ನ ಫ್ರಿಜ್ಜಲ್ಲಿ ಇಡಲ್ಲ. ಮಳೆಗಾಲದಲ್ಲಿ ಕರೆಂಟ್ ನಂಬ್ಕೊಂಡು ಏನಿಡೋದು? ದಿನಾ ಒಲೆ ಮೇಲಿಟ್ಟು ಕುದಿಸಿ ಬತ್ತಿಸ್ತೀವಿ. ಹುಳಿ, ಉಪ್ಪು ಇದೆ, ನೀರು ಆರ್ತಾ ಬರುತ್ತೆ, ಕೆಡೋಕೆ ಎಡೆ ಸಿಗಲ್ಲ. ಒದ್ದೆ ಸೌಟು ಮಾತ್ರ ಅದ್ದಬಾರ್ದು. ಮೂರನೇ ದಿನದ್ದೇ ರುಚಿ, ಬಿಸಿ ಅನ್ನದ ಜೊತೆ.

ಈ ಡಬ್ಬೀಲಿರೋದು ಕುಡಿ. ಪೇರಲೆ, ನೇರಳೆ, ದಾಳಿಂಬೆ ಚಿಗುರನ್ನ ಬೇಸಿಗೇಲೇ ಕೊಯ್ದು ನೆರಳಲ್ಲಿ ಒಣಗಿಸಿಟ್ಟಿದ್ದು. ಒಂದು ಹಿಡಿ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಹುರಿದು, ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದ್ರೆ ಕುಡಿ ತಂಬುಳಿ. ಒಂದೆಲಗ ಒಣಗಿಸ್ಬಹುದಾ ಅಂತ ಕೇಳ್ತಾರೆ. ಒಣಗುತ್ತೆ, ಆದ್ರೆ ಆ ಹಸಿ ಘಮ ಹೋಗಿಬಿಡುತ್ತೆ. ಅದನ್ನ ಕಿತ್ತ ದಿನವೇ ರುಬ್ಬಿ.

ಚಗತೆ ಕೊಯ್ಯೋದಾದ್ರೆ ಈಗಲೇ ಕೊಯ್ದು ಪಲ್ಯ ಮಾಡ್ಕೊಳ್ಳಿ, ಎಲೆ ಬಲೀತು ಅಂದ್ರೆ ಕಹಿ. ಮತ್ತೆ ಗುರುತು ಸಿಗದ ಕೆಸ ಮುಟ್ಟಬೇಡಿ, ಊರಲ್ಲಿ ಬಲ್ಲವರಿಗೆ ತೋರಿಸಿಯೇ ಮನೆಗೆ ತನ್ನಿ.