ಸಂಘದ ಶಿಬಿರಕ್ಕೆ ಎಐ ಎಕ್ಸ್‌ರೇ ಬಂದಾಗ

ಕೇಳುಗರೇ, ನಮಸ್ಕಾರ.

ಮುಂಬಯಿಯ ನಮ್ಮ ಕನ್ನಡ ಸಂಘಗಳು, ಸಮುದಾಯದ ಸಂಘಗಳು, ಭಜನಾ ಮಂಡಳಿಗಳು ಭಾನುವಾರ ಬಂತೆಂದರೆ ಉಚಿತ ಆರೋಗ್ಯ ತಪಾಸಣಾ ಶಿಬಿರ ಇಟ್ಟುಕೊಳ್ಳುವುದು ಹೊಸತಲ್ಲ. ಬಿ.ಪಿ., ಶುಗರ್, ಕಣ್ಣು, ಹಲ್ಲು, ಇಷ್ಟರಲ್ಲಿ ಶಿಬಿರ ಮುಗಿಯುತ್ತಿತ್ತು. ಈಗ ಕೈಯಲ್ಲೇ ಹೊತ್ತು ತರಬಹುದಾದ ಎಕ್ಸ್‌ರೇ ಯಂತ್ರಗಳಿವೆ. ಎದೆಯ ಚಿತ್ರ ತೆಗೆದ ಕೆಲವೇ ನಿಮಿಷಗಳಲ್ಲಿ ಕೃತಕ ಬುದ್ಧಿಮತ್ತೆಯ, ಅಂದರೆ ಎಐ ತಂತ್ರಾಂಶ, ಕ್ಷಯದ ಅನುಮಾನ ಎಷ್ಟಿದೆ ಎಂದು ಒಂದು ಅಂಕ ಕೊಡುತ್ತದೆ. ಇಂಥ ಯಂತ್ರ ನಮ್ಮ ಸಭಾಂಗಣಕ್ಕೆ ಬಂದರೆ ಅದನ್ನು ನ್ಯಾಯವಾಗಿ ಬಳಸುವುದು ಹೇಗೆ ಎಂಬುದು ಇಂದಿನ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ಈ ಯಂತ್ರ ಬರಬೇಕು. ಹೋಟೆಲ್ ಹುಡುಗರು ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಮಲಗುವ ಊರು ಇದು. ಕ್ಷಯ ಹರಡುವುದು ಗಾಳಿಯಿಂದ. ಕೆಮ್ಮು ಶುರುವಾಗುವ ಮೊದಲೇ ಎಕ್ಸ್‌ರೇಯಲ್ಲಿ ಕಾಯಿಲೆ ಸುಳಿವು ಕೊಡಬಹುದು. ಆದರೆ ಎಲ್ಲ ಎಕ್ಸ್‌ರೇಗಳನ್ನು ಕೂತು ನೋಡುವಷ್ಟು ತಜ್ಞರು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಕ್ಷಯ ತಪಾಸಣೆಗೆ ಇಂಥ ತಂತ್ರಾಂಶ ಬಳಸಬಹುದು ಎಂದು ಹೇಳಿದೆ. ತಪಾಸಣೆಗೆ ಎಂದಷ್ಟೇ ಹೇಳಿದ್ದು, ರೋಗ ಖಚಿತಪಡಿಸಲಿಕ್ಕಲ್ಲ. ಖಚಿತಪಡಿಸುವುದು ಕಫದ ಪರೀಕ್ಷೆ. ಅದರಲ್ಲೂ ಸಿಬಿನ್ಯಾಟ್ ಅಥವಾ ನಮ್ಮ ನೆರೆಯ ಗೋವಾದ ಕಂಪೆನಿಯೊಂದು ರೂಪಿಸಿದ ಟ್ರೂನ್ಯಾಟ್‌ನಂಥ, ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಪರೀಕ್ಷೆ. ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲಿ ಇದು ಉಚಿತ.

ಇಲ್ಲೊಂದು ಲೆಕ್ಕವನ್ನು ನೀವು ಕಿವಿಗೊಟ್ಟು ಕೇಳಬೇಕು. ತಪಾಸಣಾ ವಿಧಾನವೊಂದು ನೂರು ಕ್ಷಯ ರೋಗಿಗಳಲ್ಲಿ ಕನಿಷ್ಠ 90 ಮಂದಿಯನ್ನು ಹಿಡಿಯಬೇಕು, ರೋಗವಿಲ್ಲದ ನೂರರಲ್ಲಿ ಕನಿಷ್ಠ 70 ಮಂದಿಯನ್ನು ಸುಮ್ಮನೆ ಬಿಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಅಳತೆ. ನಮ್ಮ ಶಿಬಿರಕ್ಕೆ 1000 ಮಂದಿ ಬಂದರು, ಅವರಲ್ಲಿ 10 ಮಂದಿಗೆ ನಿಜಕ್ಕೂ ಕ್ಷಯವಿದೆ ಎಂದಿಟ್ಟುಕೊಳ್ಳಿ. ಯಂತ್ರ 9 ಮಂದಿಯನ್ನು ಹಿಡಿಯಿತು, ಒಬ್ಬರನ್ನು ಬಿಟ್ಟಿತು. ಉಳಿದ 990 ಆರೋಗ್ಯವಂತರಲ್ಲಿ ನೂರಕ್ಕೆ 30ರಂತೆ 297 ಮಂದಿಯ ಮೇಲೂ ಅನುಮಾನ ಹೇಳಿತು. ಒಟ್ಟು 306 ಮಂದಿಗೆ ಕೆಂಪು ಗುರುತು, ರೋಗ ಇರುವುದು 9 ಮಂದಿಗೆ. ಇದು ಕೆಟ್ಟ ಯಂತ್ರವಲ್ಲ, ಅಳತೆಗೆ ಸರಿಹೊಂದಿದ ಯಂತ್ರವೇ. ಕೆಂಪು ಗುರುತು ಬಿದ್ದವರನ್ನು "ನಿಮಗೆ ಟಿ.ಬಿ. ಇದೆ" ಎಂದು ಕಳುಹಿಸಿದರೆ ನಾವು 297 ಮನೆಗಳಲ್ಲಿ ಸುಳ್ಳು ಭಯ ಬಿತ್ತಿದಂತಾಯಿತು. ಹಸಿರು ಬಂದವರನ್ನು "ಏನೂ ಇಲ್ಲ, ಹೋಗಿ" ಎಂದರೆ ಆ ಒಬ್ಬ ರೋಗಿ ಇನ್ನೂ ಎಷ್ಟೋ ಜನರ ನಡುವೆ ಕೆಮ್ಮುತ್ತಾ ಇರುತ್ತಾನೆ. ಆದ್ದರಿಂದ ಕೆಮ್ಮು, ಜ್ವರ, ರಾತ್ರಿ ಬೆವರುವುದು, ತೂಕ ಇಳಿಯುವುದು, ಇವುಗಳಲ್ಲಿ ಒಂದಾದರೂ ಇರುವವರ ಕಫವನ್ನು ಯಂತ್ರ ಏನೇ ಹೇಳಲಿ ಪರೀಕ್ಷೆಗೆ ಕಳುಹಿಸಬೇಕು.

ಅಂಕ 60 ಬಂತೆಂದರೆ ನೂರಕ್ಕೆ 60 ಪಾಲು ಕ್ಷಯ ಇರಬಹುದು ಎಂದರ್ಥವಲ್ಲ. ಒಂದು ಕಂಪೆನಿಯ 60 ಇನ್ನೊಂದು ಕಂಪೆನಿಯ 60ಕ್ಕೆ ಸಮವೂ ಅಲ್ಲ. ಯಾವ ಅಂಕದ ಮೇಲೆ ಅನುಮಾನ ಎನ್ನಬೇಕು ಎಂಬ ಗೆರೆಯನ್ನು ಎಳೆಯುವವರು ಮನುಷ್ಯರು. ಗೆರೆ ಮೇಲಿಟ್ಟರೆ ಕಫ ಪರೀಕ್ಷೆಯ ಖರ್ಚು ಉಳಿಯುತ್ತದೆ, ರೋಗಿಗಳು ತಪ್ಪಿಹೋಗುತ್ತಾರೆ. ಗೆರೆ ಇಳಿಸಿದರೆ ರೋಗಿಗಳು ಸಿಗುತ್ತಾರೆ, ಪ್ರಯೋಗಾಲಯ ತುಂಬಿ ತುಳುಕುತ್ತದೆ. ಯಂತ್ರ ತರುವವರನ್ನು ಸಂಘದ ಕಾರ್ಯದರ್ಶಿಗಳು ಕೇಳಲೇಬೇಕಾದ ಪ್ರಶ್ನೆ ಇದು: ಗೆರೆ ಎಷ್ಟಕ್ಕೆ ಇಟ್ಟಿದ್ದೀರಿ, ಯಾರು ನಿರ್ಧರಿಸಿದರು, ಯಾವ ಜನರ ಚಿತ್ರಗಳ ಮೇಲೆ ಪರೀಕ್ಷಿಸಿ ನಿರ್ಧರಿಸಿದರು? ಹಿಂದೆ ಕ್ಷಯ ಬಂದು ಗುಣವಾದವರ ಶ್ವಾಸಕೋಶದಲ್ಲಿ ಕಲೆ ಉಳಿದಿರುತ್ತದೆ. ಅಂಥವರಲ್ಲಿ, ವಯಸ್ಸಾದವರಲ್ಲಿ ಈ ತಂತ್ರಾಂಶಗಳು ಹೆಚ್ಚು ಎಡವುತ್ತವೆ. ಹಾಗಾಗಿ ಚಿತ್ರ ತೆಗೆಯುವ ಮುಂಚೆಯೇ "ಮೊದಲು ಟಿ.ಬಿ. ಔಷಧ ತೆಗೆದುಕೊಂಡಿದ್ದೀರಾ?" ಎಂದು ಕೇಳಿ ಬರೆದುಕೊಳ್ಳಬೇಕು.

ಕಾಗದಪತ್ರದ ಮಾತು ಸ್ವಲ್ಪ. 2020ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ರೋಗಪತ್ತೆಯ ತಂತ್ರಾಂಶವೂ ಕಾನೂನಿನ ಕಣ್ಣಿಗೆ ವೈದ್ಯಕೀಯ ಸಾಧನವೇ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಪರವಾನಗಿ ಇದೆಯೇ ಎಂದು ಕೇಳಿ. ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅದರ ಕಚೇರಿ ಇಲ್ಲೇ ಅಣುಶಕ್ತಿನಗರದಲ್ಲಿದೆ. ಗರ್ಭಿಣಿಯರು ಮೊದಲೇ ತಿಳಿಸಬೇಕು ಎಂಬ ಫಲಕ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ.

ಚಿತ್ರವೇ ಕೆಟ್ಟರೆ ಎಷ್ಟು ಜಾಣ ತಂತ್ರಾಂಶವಿದ್ದರೂ ಪ್ರಯೋಜನವಿಲ್ಲ. ಕರಿಮಣಿ, ಸರ, ಪಿನ್ನು, ಅಂಗಿಯ ಲೋಹದ ಗುಂಡಿ ತೆಗೆಸಬೇಕು. ಜಡೆಯನ್ನು ಎತ್ತಿ ಕಟ್ಟಿಸಬೇಕು. ಉಸಿರನ್ನು ಪೂರ್ತಿ ಎಳೆದು ಹಿಡಿಯಿರಿ ಎಂದು ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು, ತುಳುವಿನವರಿಗೆ ತುಳುವಿನಲ್ಲಿ. ಉಸಿರು ಅರ್ಧಕ್ಕೆ ನಿಂತರೆ ಶ್ವಾಸಕೋಶದ ಕೆಳಭಾಗ ಒತ್ತೊತ್ತಾಗಿ ಬೆಳ್ಳಗೆ ಕಾಣುತ್ತದೆ. ಶುಗರ್ ಇರುವವರ ಕಣ್ಣಿನ ಅಕ್ಷಿಪಟಲ ನೋಡುವ ಎಐ ಕ್ಯಾಮೆರಾಗಳಲ್ಲೂ ಇದೇ ತೊಂದರೆ. ಥಾಯ್ಲೆಂಡಿನ ಚಿಕಿತ್ಸಾಲಯಗಳಲ್ಲಿ ಅಂಥದೊಂದು ವ್ಯವಸ್ಥೆಯನ್ನು ಬಳಸಿದಾಗ, ಬೆಳಕಿನ ಏರುಪೇರೂ ಸೇರಿದಂತೆ ಹಲವು ಕಾರಣಗಳಿಂದ ಐದರಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರಗಳನ್ನು ಅದು ನೋಡಲು ಒಪ್ಪಲೇ ಇಲ್ಲ ಎಂದು 2020ರಲ್ಲಿ ವರದಿಯಾಯಿತು. ನಮ್ಮ ಹಿರಿಯರಲ್ಲಿ ಪೊರೆ ಬಂದ ಕಣ್ಣುಗಳು ಬಹಳ. ಚಿತ್ರ ಸ್ಪಷ್ಟವಿಲ್ಲ ಎಂದು ಯಂತ್ರ ಹೇಳಿದರೆ ಅವರನ್ನು ಕಣ್ಣಿನ ವೈದ್ಯರ ಬಳಿಗೇ ಕಳುಹಿಸಬೇಕು. ಸ್ವಯಂಸೇವಕರ ಪಟ್ಟಿಯಲ್ಲಿ ಅದು "ತೊಂದರೆ ಇಲ್ಲ" ಎಂದು ಸೇರಿಹೋಗುವ ಅಪಾಯ ಇದ್ದೇ ಇದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ, ಸಮ್ಮತಿ. ಹೋಟೆಲಿನ ಮಾಲಕರು ಕಾಳಜಿಯಿಂದಲೇ ತಮ್ಮ ಹುಡುಗರನ್ನೆಲ್ಲ ಶಿಬಿರಕ್ಕೆ ಕಳುಹಿಸುತ್ತಾರೆ. ಆದರೆ ಊಟ, ವಸತಿ, ಸಂಬಳ ಮೂರೂ ಒಬ್ಬರ ಕೈಯಲ್ಲಿರುವಾಗ ಆ ಹುಡುಗ "ನನಗೆ ಬೇಡ" ಎನ್ನಲಾರ. ಫಲಿತಾಂಶ ಮಾಲಕರ ಕೈಗೆ ಹೋದರೆ ಕೆಲಸವೂ ಹೋಗಬಹುದು, ಮಲಗುವ ಜಾಗವೂ ಹೋಗಬಹುದು. ಆದ್ದರಿಂದ ಸರದಿಯಲ್ಲಿ ನಿಂತ ಪ್ರತಿಯೊಬ್ಬರನ್ನೂ ಬೇರೆಯಾಗಿ ಕೂರಿಸಿ, ಗಟ್ಟಿಯಾಗಿ ಇಷ್ಟನ್ನು ಓದಿ ಹೇಳಬೇಕು: "ನಿಮ್ಮ ಎದೆಯ ಎಕ್ಸ್‌ರೇ ತೆಗೆಯುತ್ತೇವೆ. ಅದನ್ನು ಮೊದಲು ಕಂಪ್ಯೂಟರ್ ನೋಡುತ್ತದೆ. ಅನುಮಾನ ಬಂದರೆ ಕಫ ಕೊಡಬೇಕಾಗುತ್ತದೆ, ಅದಕ್ಕೆ ದುಡ್ಡಿಲ್ಲ. ಕ್ಷಯ ಎಂದು ತೀರ್ಮಾನವಾದರೆ ಸರ್ಕಾರಕ್ಕೆ ತಿಳಿಸಬೇಕು, ಅದು ನಿಯಮ. ನಿಮ್ಮ ಮಾಲಕರಿಗಾಗಲಿ ಸಂಘದವರಿಗಾಗಲಿ ನಾವು ಹೇಳುವುದಿಲ್ಲ. ನಿಮಗೆ ಬೇಡವಾದರೆ ಬೇಡ, ಬೇರೆ ತಪಾಸಣೆ ಮಾಡುತ್ತೇವೆ." ಓದಲು ಒಂದು ನಿಮಿಷವೂ ಬೇಡ.

ತಂತ್ರಾಂಶಕ್ಕೆ ಕಲಿಸಲು ಆ ಚಿತ್ರ ಬಳಸುತ್ತೇವೆ ಎಂದು ಕಂಪೆನಿ ಕೇಳಿದರೆ, ಅದಕ್ಕೆ ಬೇರೆಯೇ ಸಹಿ ಬೇಕು. ತಪಾಸಣೆಯ ಸಹಿಯೊಳಗೆ ಅದನ್ನು ತೂರಿಸುವುದು ಮೋಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶ ಇರಬೇಕೆನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಮಹಾರಾಷ್ಟ್ರದಲ್ಲಿ ಕೂತು ಕನ್ನಡದಲ್ಲಿ ಕೊಡಿ ಎಂದು ಕೇಳಲು ಸಂಕೋಚ ಬೇಡ. ಕೊಟ್ಟ ಸಮ್ಮತಿಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವ ಹಕ್ಕೂ ಅದರಲ್ಲಿದೆ. ಸ್ವಯಂಸೇವಕರು ಎಕ್ಸ್‌ರೇಯನ್ನು ವಾಟ್ಸಾಪ್ ಗುಂಪಿಗೆ ಹಾಕಲೇಬಾರದು. ಮೂಲೆಯಲ್ಲಿ ಕಾಣುವ ಹೆಸರನ್ನು ಅಳಿಸಿದರೂ ಮೂಲ ಕಡತದ ಒಳಗೆ ಹೆಸರು, ವಯಸ್ಸು, ತಾರೀಕು ಅಡಗಿರುತ್ತವೆ.

ವೈದ್ಯರಿಗೂ ಒಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಹೊರಡಿಸಿದ ಎಐ ನೈತಿಕ ಮಾರ್ಗಸೂಚಿಯಲ್ಲಿ ಹೊಣೆಗಾರಿಕೆ ಎಂಬುದು ಒಂದು ಮುಖ್ಯ ತತ್ವ. ತಂತ್ರಾಂಶ ಹೇಳಿತು ಎಂಬುದು ರೋಗಿಗೆ ಕೊಡುವ ಉತ್ತರವಲ್ಲ. ನಿಮ್ಮ ಕೈಗೆ ಬಂದ ಚಿತ್ರವನ್ನು ಅಂಕ ನೋಡುವ ಮೊದಲೇ ನೋಡಿ, ನಿಮ್ಮ ಅನಿಸಿಕೆ ಬರೆಯಿರಿ, ಆಮೇಲೆ ಅಂಕ ತೆರೆಯಿರಿ. ಎರಡೂ ಬೇರೆಯಾದರೆ ಕಾರಣ ದಾಖಲಿಸಿ. ಯಂತ್ರಕ್ಕೆ ಒಗ್ಗಿದ ಕಣ್ಣು ಮಂಕಾಗುವ ಸಾಧ್ಯತೆ ನಿಜ: ಪೋಲೆಂಡಿನಲ್ಲಿ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿ ಪರೀಕ್ಷೆಗೆ ಎಐ ಬಂದ ಮೇಲೆ, ಅದರ ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದೇ ಅನುಭವಿ ವೈದ್ಯರು ಗೆಡ್ಡೆ ಪತ್ತೆಹಚ್ಚುವ ಪ್ರಮಾಣ ಶೇ. 28.4ರಿಂದ 22.4ಕ್ಕೆ ಇಳಿದಿತ್ತು ಎಂದು 2025ರ ಅಧ್ಯಯನವೊಂದು ತೋರಿಸಿತು.

ಇನ್ನೂ ಒಂದು ವಿಷಯ, ಆಸ್ಪತ್ರೆಗಳೂ ವಿಮಾ ಸಂಸ್ಥೆಗಳೂ ನೆನಪಿಡಬೇಕಾದದ್ದು. ಅಮೆರಿಕದಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸುವ ತಂತ್ರಾಂಶವೊಂದು ಕಾಯಿಲೆಯ ಬದಲು ಹಿಂದೆ ಆದ ಖರ್ಚನ್ನು ಅಳೆಯುತ್ತಿತ್ತು. ಕಪ್ಪುಜನರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆಯಾದ್ದರಿಂದ ಅವರು ಆರೋಗ್ಯವಂತರೆಂದು ತಪ್ಪಾಗಿ ಎಣಿಕೆಯಾದರು. 2019ರಲ್ಲಿ ಇದು ಬಯಲಾಯಿತು. ಇಲ್ಲಿ ಮೆಡಿಕಲ್ ಅಂಗಡಿಯ ಮಾತ್ರೆಯಲ್ಲೇ ದಿನ ದೂಡಿ, ತೀರಾ ಕಷ್ಟವಾದಾಗ ಉಡುಪಿಗೋ ಮಂಗಳೂರಿಗೋ ಹೋಗಿ ಚಿಕಿತ್ಸೆ ಪಡೆಯುವ ನಮ್ಮ ಕಾರ್ಮಿಕರ ದಾಖಲೆ ಮುಂಬಯಿಯಲ್ಲಿ ಖಾಲಿಯೇ ಇರುತ್ತದೆ. ಖಾಲಿ ದಾಖಲೆಯನ್ನು ಒಳ್ಳೆಯ ಆರೋಗ್ಯವೆಂದು ಓದುವ ಲೆಕ್ಕಾಚಾರ ಅವರಿಗೆ ಅನ್ಯಾಯ ಮಾಡುತ್ತದೆ.

ಮೊಬೈಲಿನ ಎಐಗೆ ವರದಿ ತೋರಿಸಿ ಮಾತ್ರೆ ಕೇಳುವವರು ಹೆಚ್ಚುತ್ತಿದ್ದಾರೆ. ಟೆಲಿಮೆಡಿಸಿನ್, ಅಂದರೆ ಫೋನ್ ಅಥವಾ ವಿಡಿಯೊ ಮೂಲಕ ದೂರದಿಂದಲೇ ನಡೆಯುವ ಚಿಕಿತ್ಸೆಯ ಬಗೆಗಿನ 2020ರ ಮಾರ್ಗಸೂಚಿಯ ಪ್ರಕಾರ ಎಐ ವೇದಿಕೆ ರೋಗಿಗೆ ಸಲಹೆ ನೀಡುವಂತಿಲ್ಲ, ಔಷಧ ಬರೆಯುವಂತಿಲ್ಲ. ವೈದ್ಯರಿಗೆ ನೆರವಾಗಬಹುದು, ಅಷ್ಟೇ.

ಮತ್ತೆ ಶಿಬಿರಕ್ಕೆ ಬರೋಣ. ಕಫ ಪರೀಕ್ಷೆಯ ಏರ್ಪಾಡು ಆಗುವ ಮೊದಲು ಶಿಬಿರದ ದಿನಾಂಕ ಗೊತ್ತುಮಾಡಬೇಡಿ. ನಿಮ್ಮ ವಾರ್ಡಿನ ಮಹಾನಗರಪಾಲಿಕೆಯ ಕ್ಷಯ ವಿಭಾಗದ ಅಧಿಕಾರಿಯನ್ನು ಮುಂಚೆಯೇ ಕಂಡು, ದಿನಕ್ಕೆ ಎಷ್ಟು ಮಾದರಿ ತೆಗೆದುಕೊಳ್ಳುತ್ತಾರೆ ಎಂದು ಕೇಳಿ. ಅವರು 60 ಎಂದರೆ, ನಮ್ಮ ಲೆಕ್ಕದಂತೆ ಸುಮಾರು 195 ಮಂದಿಗಿಂತ ಹೆಚ್ಚು ಎಕ್ಸ್‌ರೇ ತೆಗೆಯಬಾರದು. ಕಫ ಮುಚ್ಚಳವಿರುವ ಡಬ್ಬಿಯಲ್ಲಿ, ಸಭಾಂಗಣದ ಹೊರಗೆ ಗಾಳಿಯಾಡುವ ಜಾಗದಲ್ಲಿ ಕೊಡಲಿ. ಎಂಜಲಲ್ಲ, ಎದೆಯಾಳದಿಂದ ಬಂದದ್ದು ಬೇಕು. ಶಿಬಿರದ ವೈದ್ಯರು ಅಥವಾ ನರ್ಸಿನ ಸುಪರ್ದಿಯಲ್ಲಿ ಒಂದು ಪುಸ್ತಕ ಇರಲಿ: ಯಾರ ಮೇಲೆ ಅನುಮಾನ, ಕಫ ಯಾವ ದಿನ ಹೋಯಿತು, ಫಲಿತಾಂಶವನ್ನು ಯಾವ ದಿನ ಅವರಿಗೇ ತಿಳಿಸಲಾಯಿತು. ಫೋನ್ ಎತ್ತದವರ ಕೋಣೆಗೆ ಹೋಗಿ ಬರಬೇಕಾಗುತ್ತದೆ, ಅದೂ ಉಳಿದವರಿಗೆ ಗೊತ್ತಾಗದ ಹಾಗೆ. ರೋಗ ಖಚಿತವಾದವರಿಗೆ ಔಷಧ ಉಚಿತ, ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಸರ್ಕಾರ ಕೊಡುತ್ತದೆ. ಅದಕ್ಕೆ ಬ್ಯಾಂಕ್ ಖಾತೆ ಬೇಕು. ಖಾತೆ ಊರಿನಲ್ಲಿದ್ದು ಬಳಕೆಯಿಲ್ಲದೆ ನಿಂತುಹೋಗಿದ್ದರೆ ಅವರೇ ಬಂದು ಕೇಳಿದರೆ ಅದನ್ನು ಸರಿಪಡಿಸಿಕೊಡುವ ಕೆಲಸವನ್ನೂ ಸಂಘದ ಯುವಕರು ವಹಿಸಿಕೊಳ್ಳಬಹುದು.

ನಮಸ್ಕಾರ.