ಗೋಧಿ ಹೊಲಕ್ಕೆ ಬಂದ ಮೆಷಿನ್ ಗನ್: ಆಸ್ಟ್ರೇಲಿಯಾ ಚರಿತ್ರೆಯ ಕೆಲವು ವಿಚಿತ್ರ ದಿನಗಳು

ಎಲ್ಲರಿಗೂ ನಮಸ್ಕಾರ.

1932ರ ನವೆಂಬರ್ 2. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಅನ್ನುವ ಗೋಧಿ ಸೀಮೆಗೆ ಸೈನ್ಯ ಬಂತು. ಬಂದವರು ಮೇಜರ್ ಮೆರಿಡಿತ್ ಮತ್ತು ಇಬ್ಬರು ಸೈನಿಕರು. ಜೊತೆಗೆ ಎರಡು ಲೂಯಿಸ್ ಮೆಷಿನ್ ಗನ್, 10,000 ಗುಂಡು. ಶತ್ರು ಯಾರು ಅಂದರೆ ಎಮು ಹಕ್ಕಿ. ಸುಮಾರು 20,000 ಎಮುಗಳು ಆ ಕಡೆಯ ಹೊಲಗಳಿಗೆ ನುಗ್ಗಿದ್ದವು.

ಇದನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರುತ್ತೀರಿ. ಹಕ್ಕಿಗಳ ಎದುರು ಸೋತ ಸೈನ್ಯ ಅಂತ ಎರಡು ಸಾಲು, ಒಂದು ಚಿತ್ರ. ನಗು ಬರುತ್ತದೆ, ಬರಬೇಕು ಕೂಡ. ಆದರೆ ಇಂಥ ಕಥೆ ಕೇಳಿದಾಗ ನನಗೆ ಇನ್ನೊಂದು ಪ್ರಶ್ನೆ ಕಾಡುತ್ತದೆ. ಹಕ್ಕಿ ಓಡಿಸಲು ಮೆಷಿನ್ ಗನ್ ಕೊಡಿ ಅಂತ ಕೇಳಿದವರು ಯಾರು? ಯಾಕೆ ಕೇಳಿದರು? ಅದನ್ನು ಬಿಟ್ಟು ನಕ್ಕರೆ ಆ ಜನರಿಗೆ ಅನ್ಯಾಯ ಮಾಡಿದ ಹಾಗೆ.

ಕೇಳಿದವರು ರೈತರು. ಅವರಲ್ಲಿ ಬಹಳ ಮಂದಿ ಮೊದಲನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು. ಯುದ್ಧ ಮುಗಿದ ಮೇಲೆ ಸರ್ಕಾರ ಅವರಿಗೆ ಜಮೀನು ಕೊಟ್ಟಿತ್ತು. ಎಷ್ಟೋ ಕಡೆ ಮಳೆ ನೆಚ್ಚುವ ಹಾಗಿರಲಿಲ್ಲ. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂತು. ಗೋಧಿ ಜಾಸ್ತಿ ಬೆಳೆಯಿರಿ, ಸಹಾಯಧನ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ರೈತರು ಬೆಳೆದರು. ಹಣ ಬರಲಿಲ್ಲ, ಬೆಲೆ ಬಿದ್ದೇ ಹೋಯಿತು. ಎಮುಗಳು ಬಂದದ್ದು ಇದೇ ಹೊತ್ತಿಗೆ. ಮರಿ ಮಾಡುವ ಕಾಲ ಮುಗಿದ ಮೇಲೆ ಒಳನಾಡಿನಿಂದ ಕರಾವಳಿ ಕಡೆಗೆ ಹೋಗುವುದು ಅವುಗಳ ರೂಢಿ. ದಾರಿಯಲ್ಲಿ ಕಾಡು ಕಡಿದು ಮಾಡಿದ ಬಯಲು, ದನ-ಕುರಿಗೆ ತೋಡಿದ ನೀರು, ತಿನ್ನಲು ಗೋಧಿ. ಅಲ್ಲೇ ನಿಂತವು.

ಮೆಷಿನ್ ಗನ್ ಎಂಥದ್ದು ಅಂತ ಆ ರೈತರು ಯುದ್ಧದಲ್ಲಿ ಕಣ್ಣಾರೆ ಕಂಡಿದ್ದರು. ಅದಕ್ಕೇ ಅವರು ಕೃಷಿ ಇಲಾಖೆಗೆ ಹೋಗದೆ ನೇರವಾಗಿ ರಕ್ಷಣಾ ಮಂತ್ರಿ ಜಾರ್ಜ್ ಪಿಯರ್ಸ್ ಹತ್ತಿರ ಹೋದರು. ಮಂತ್ರಿ ಒಪ್ಪಿದರು. ಸೈನಿಕರಿಗೆ ಗುರಿ ಹೊಡೆಯುವ ಅಭ್ಯಾಸವೂ ಆಗುತ್ತದೆ ಅನ್ನುವುದು ಅವರ ಲೆಕ್ಕ. ಗುಂಡಿನ ಖರ್ಚು, ಊಟ, ವಸತಿ ಮಾತ್ರ ರೈತರದ್ದೇ. ಬೆಳೆ ಕಳೆದುಕೊಳ್ಳುತ್ತಿದ್ದವರೇ ಗುಂಡಿಗೂ ದುಡ್ಡು ಹೊಂದಿಸಬೇಕಾಯಿತು. ಇದನ್ನು ಓದಿದಾಗ ನನಗೆ ನಿಜವಾಗಿಯೂ ಬೇಜಾರಾಯಿತು.

ಮುಂದೆ ಆದದ್ದು ಕೇಳಿ. ಮೊದಲ ದಿನ ಹಕ್ಕಿಗಳು ದೂರದಲ್ಲಿದ್ದವು. ಗುಂಪು ಕಟ್ಟಿ ಓಡಿಸಿ ತರೋಣ ಅಂದರೆ ಚದುರಿಹೋದವು. ನವೆಂಬರ್ 4ರಂದು ಒಂದು ಕಟ್ಟೆಯ ಬಳಿ ಸೈನಿಕರು ಅಡಗಿ ಕೂತರು. ಸಾವಿರಕ್ಕೂ ಹೆಚ್ಚು ಎಮುಗಳು ನೀರಿಗೆ ಬಂದವು. ತೀರಾ ಹತ್ತಿರ ಬರುವ ತನಕ ಕಾದು ಗುಂಡು ಹಾರಿಸಿದರು. ಹತ್ತು ಹನ್ನೆರಡು ಬೀಳುವಷ್ಟರಲ್ಲಿ ಗನ್ ಜಾಮ್ ಆಯಿತು. ಉಳಿದವು ಪರಾರಿ. ಆಮೇಲೆ ಗನ್ನನ್ನು ಲಾರಿಗೆ ಕಟ್ಟಿ ಅಟ್ಟಿಸಿಕೊಂಡು ಹೋದರು. ಎಮು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಉಬ್ಬುತಗ್ಗಿನ ನೆಲದಲ್ಲಿ ಲಾರಿ ಆ ವೇಗಕ್ಕೆ ಬರಲಿಲ್ಲ. ಕುಲುಕಾಟದಲ್ಲಿ ಗನ್ ಹಿಡಿದವನಿಗೆ ಗುಂಡು ಹಾರಿಸುವುದಕ್ಕೇ ಆಗಲಿಲ್ಲ.

ನವೆಂಬರ್ 8ಕ್ಕೆ ಸೈನ್ಯವನ್ನು ವಾಪಸ್ ಕರೆಸಿದರು. ಸಂಸತ್ತಿನಲ್ಲಿ ಈ ಯುದ್ಧಕ್ಕೆ ಪದಕ ಕೊಡುತ್ತೀರಾ ಅನ್ನುವ ಮಾತು ಬಂತು. ಕೊಡುವುದಾದರೆ ಎಮುಗಳಿಗೆ ಕೊಡಿ, ಇಲ್ಲಿಯವರೆಗೆ ಗೆದ್ದಿರುವುದು ಅವೇ ಅಂತ ಒಬ್ಬ ಸದಸ್ಯರು ಹೇಳಿದರು. ಆದರೆ ರೈತರು ಮತ್ತೆ ಕೇಳಿಕೊಂಡರು, ನವೆಂಬರ್ 13ಕ್ಕೆ ಮೆರಿಡಿತ್ ಮತ್ತೆ ಬಂದರು. ಡಿಸೆಂಬರ್‌ನಲ್ಲಿ ಅವರು ಕೊಟ್ಟ ಲೆಕ್ಕದಲ್ಲಿ 9,860 ಗುಂಡು, 986 ಹಕ್ಕಿ. ಒಂದು ಹಕ್ಕಿಗೆ ಸರಿಯಾಗಿ ಹತ್ತು ಗುಂಡು. ಇಷ್ಟು ನೀಟಾದ ಲೆಕ್ಕವನ್ನು ನಾನಂತೂ ನಂಬುವುದಿಲ್ಲ. ಗುಂಡೇಟು ತಿಂದೂ ಓಡುವ ಆ ಹಕ್ಕಿಗಳ ಗಟ್ಟಿತನವನ್ನು ಮಾತ್ರ ಮೆರಿಡಿತ್ ಮನಸಾರೆ ಹೊಗಳಿದರು. ಇದೇ ಎಮು ಆ ದೇಶದ ಲಾಂಛನದಲ್ಲಿ ಕಾಂಗರೂ ಜೊತೆ ನಿಂತಿದೆ, ನೆನಪಿರಲಿ.

ಎಮುಗಳ ಮೇಲೆ ರೈತರಿಗೆ ಇನ್ನೊಂದು ಸಿಟ್ಟೂ ಇತ್ತು. ಅವು ಬೇಲಿ ಮುರಿಯುತ್ತಿದ್ದವು, ಆ ಕಂಡಿಯಿಂದ ಮೊಲಗಳು ನುಗ್ಗುತ್ತಿದ್ದವು. ಈ ಮೊಲಗಳದ್ದೇ ಒಂದು ಕಥೆ. 1859ರಲ್ಲಿ ವಿಕ್ಟೋರಿಯಾದ ಥಾಮಸ್ ಆಸ್ಟಿನ್ ಅನ್ನುವ ಜಮೀನ್ದಾರ ಬೇಟೆಯ ಖುಷಿಗೆ ಅಂತ ಇಂಗ್ಲೆಂಡಿನಿಂದ ಸುಮಾರು ಎರಡು ಡಜನ್ ಮೊಲ ತರಿಸಿ ಬಿಟ್ಟ. ಅವು ಕೋಟಿಗಟ್ಟಲೆ ಆದವು. ಪಶ್ಚಿಮ ಆಸ್ಟ್ರೇಲಿಯಾ ತನ್ನನ್ನು ಉಳಿಸಿಕೊಳ್ಳಲು 1901ರಿಂದ 1907ರ ತನಕ ಬೇಲಿ ಹಾಕಿತು. ಮೂರು ಬೇಲಿ ಸೇರಿ 3,200 ಕಿಲೋಮೀಟರ್‌ಗೂ ಜಾಸ್ತಿ. ಅದು ಮುಗಿಯುವ ಮೊದಲೇ ಮೊಲಗಳು ಈ ಕಡೆ ಬಂದಾಗಿತ್ತು.

ಎಲ್ಲವೂ ಸೋಲಿನ ಕಥೆಯೇ ಅಂತ ತಿಳಿಯಬೇಡಿ. ನನಗೆ ತುಂಬಾ ಇಷ್ಟವಾದದ್ದು ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾ ಅನ್ನುವ ಸಣ್ಣ ಊರಿನ ಒಂದು ಸಭಾಂಗಣ. ಅದನ್ನು ಕಟ್ಟಿದ್ದು ಒಂದು ಪತಂಗದ ನೆನಪಿಗೆ! ನಮ್ಮ ಬಯಲುಸೀಮೆಯವರಿಗೆ ಪಾಪಾಸುಕಳ್ಳಿ ಗೊತ್ತಲ್ವಾ? ಆ ಜಾತಿಯ ಕಳ್ಳಿಯನ್ನು ಬ್ರಿಟಿಷರು 1788ರಲ್ಲೇ ಆಸ್ಟ್ರೇಲಿಯಾಕ್ಕೆ ಒಯ್ದಿದ್ದರು. ಅದರ ಮೇಲೆ ಬೆಳೆಯುವ ಕೀಟದಿಂದ ಕೆಂಪು ಬಣ್ಣ ತೆಗೆಯುವ ಆಸೆ. ಬಣ್ಣ ಸಿಗಲಿಲ್ಲ. ಆಮೇಲೆ ಬೇಲಿಗೆ ಅಂತ ಇನ್ನಷ್ಟು ಕಳ್ಳಿ ತಂದು ನೆಟ್ಟರು, ಅದು ಕೋಟ್ಯಂತರ ಎಕರೆ ನುಂಗಿತು. ಜನ ಮನೆ, ಹೊಲ ಬಿಟ್ಟು ಹೋದರು. 1925ರಲ್ಲಿ ಅರ್ಜೆಂಟೀನಾದಿಂದ ಕ್ಯಾಕ್ಟೊಬ್ಲಾಸ್ಟಿಸ್ ಅನ್ನುವ ಪತಂಗದ ಮೊಟ್ಟೆ ತಂದರು. ಬಿಡುವ ಮೊದಲು ಅದರ ಹುಳು ಬೇರೆ ಬೆಳೆ ತಿನ್ನುತ್ತದೆಯೇ ಅಂತ ಪರೀಕ್ಷೆ ಮಾಡಿದ್ದರು. ಕೆಲವೇ ವರ್ಷಗಳಲ್ಲಿ ಆ ಹುಳುಗಳು ಕಳ್ಳಿಯನ್ನು ಒಳಗಿಂದ ತಿಂದು ಬಹುಪಾಲು ನೆಲ ಬಿಡಿಸಿಕೊಟ್ಟವು. ರೈತರು ಒಂದು ಹುಳುವಿಗೆ ಋಣಿಯಾಗಿ ಕಟ್ಟಡ ಕಟ್ಟಿದ್ದು ಎಷ್ಟು ಒಳ್ಳೆಯ ಮನಸ್ಸು!

ಅದೇ ಕ್ವೀನ್ಸ್‌ಲ್ಯಾಂಡಿನಲ್ಲಿ 1935ರಲ್ಲಿ ಕಬ್ಬಿನ ಗೊಣ್ಣೆಹುಳು ಕೊಲ್ಲಲು ಹವಾಯಿಯಿಂದ ನೂರರಷ್ಟು ನೆಲಗಪ್ಪೆ ತಂದು, ಮರಿ ಮಾಡಿಸಿ, ಬಿಟ್ಟರು. ಈ ಸಲ ಅಂಥ ಪರೀಕ್ಷೆಯ ತಾಳ್ಮೆ ಇರಲಿಲ್ಲ. ಗೊಣ್ಣೆಹುಳು ಇರುವುದು ಮಣ್ಣಿನೊಳಗೆ, ಬೇರಿನ ಹತ್ತಿರ. ಅದು ಬೆಳೆದು ಜೀರುಂಡೆ ಆದ ಮೇಲೆ ಗಿಡದ ಮೇಲೆ ಎಲೆ ತಿನ್ನುತ್ತದೆ. ನೆಲಗಪ್ಪೆಗೆ ಅಷ್ಟು ಎತ್ತರ ಹತ್ತಲು ಬರುವುದಿಲ್ಲ. ಹುಳು ಹುಳುವಿನ ಪಾಡಿಗೆ ಉಳಿಯಿತು, ಕಪ್ಪೆ ದೇಶದ ಉತ್ತರ ಭಾಗವನ್ನೆಲ್ಲ ಆವರಿಸುತ್ತಾ ಪಶ್ಚಿಮ ಆಸ್ಟ್ರೇಲಿಯಾವನ್ನೂ ಮುಟ್ಟಿತು. ಅದರ ಮೈಯೆಲ್ಲ ವಿಷ. ತಿಂದ ಹಾವು, ಉಡ, ಕ್ವೋಲ್ ಅನ್ನುವ ಬೆಕ್ಕಿನ ಗಾತ್ರದ ಪ್ರಾಣಿ, ಎಲ್ಲ ಸಾಯುತ್ತವೆ.

ಈಗ ವಿಜ್ಞಾನಿಗಳು ಏನು ಮಾಡುತ್ತಿದ್ದಾರೆ ಗೊತ್ತಾ? ಆ ಕಪ್ಪೆಯ ಮಾಂಸದಲ್ಲೇ ಹೊಟ್ಟೆ ತೊಳಸುವ ಔಷಧಿ ಬೆರೆಸಿ ಸಾಸೇಜ್ ಮಾಡಿ ಕಾಡಿನಲ್ಲಿ ಇಡುತ್ತಾರೆ. ತಿಂದ ಕ್ವೋಲ್‌ಗೆ ವಾಕರಿಕೆ ಬರುತ್ತದೆ, ಸಾಯುವುದಿಲ್ಲ. ಆ ವಾಸನೆ ನೆನಪಿಟ್ಟುಕೊಂಡ ಕ್ವೋಲ್ ಆಮೇಲೆ ಜೀವಂತ ಕಪ್ಪೆ ಕಂಡರೂ ಬಾಯಿ ಹಾಕದಿರಲಿ ಅನ್ನುವುದು ಲೆಕ್ಕ. ಪ್ರಯೋಗಗಳಲ್ಲಿ ಕೆಲವು ಕ್ವೋಲ್‌ಗಳು ನಿಜವಾಗಿಯೂ ಕಲಿತಿವೆ.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ಧನ್ಯವಾದ. ಪ್ರಶ್ನೆಗಳಿದ್ದರೆ ಕೇಳಿ.