ಕೊಟೇಶನ್ ಕಳಿಸಿದ ಮೇಲೆ ಬರೆಯುವ ಎರಡನೇ ಮೇಲ್

ನಮಸ್ಕಾರ. ಕೊಟೇಶನ್ ಕಳಿಸಿದ್ದೀರಿ, ಆ ಕಡೆಯಿಂದ ಏನೂ ಬಂದಿಲ್ಲ. ಈಗ ಮತ್ತೆ ಮೇಲ್ ಮಾಡಬೇಕಾ, ಮಾಡಿದರೆ ಏನಂತ ಬರೆಯಬೇಕು, ದುಂಬಾಲು ಬಿದ್ದ ಹಾಗೆ ಕಾಣಬಾರದಲ್ವಾ? ಇವತ್ತಿನ ಮಾತು ಇದರ ಬಗ್ಗೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ಲೋಹದ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಮೆಷಿನ್ ಶಾಪ್ ಅಂತ ಇಟ್ಟುಕೊಳ್ಳಿ. ಎರಡು ಸಿಎನ್‌ಸಿ ಮೆಷಿನ್, ಐದಾರು ಜನ. ದೊಡ್ಡ ಕಂಪನಿಯೊಂದರ ಪರ್ಚೇಸ್ ವಿಭಾಗದಿಂದ ಎನ್‌ಕ್ವೈರಿ ಬರುತ್ತದೆ. ಡ್ರಾಯಿಂಗ್ ನೋಡಿ, ಸೈಕಲ್ ಟೈಮ್ (ಒಂದು ಪೀಸ್ ಮಾಡಲು ಹಿಡಿಯುವ ಸಮಯ) ಲೆಕ್ಕ ಹಾಕಿ, ಮೆಟೀರಿಯಲ್ ರೇಟ್ ವಿಚಾರಿಸಿ, ಒಂದು ದಿನ ಪೂರ್ತಿ ಕೂತು ಕೊಟೇಶನ್ ಮಾಡಿ ಕಳಿಸುತ್ತಾರೆ. ಆಮೇಲೆ ಸದ್ದಿಲ್ಲ. ವಾರ ಕಳೆಯುತ್ತದೆ, ಹತ್ತು ದಿನ ಆಗುತ್ತದೆ. ಆಗ ಓನರ್ ಒಂದು ಸಾಲು ಬರೆಯುತ್ತಾರೆ: ‘ಸರ್, ನಮ್ಮ ಕೊಟೇಶನ್ ಏನಾಯ್ತು? ದಯವಿಟ್ಟು ತಿಳಿಸಿ.’ ಉತ್ತರ ಬರುವುದಿಲ್ಲ. ನಾಲ್ಕು ದಿನ ಬಿಟ್ಟು ಅದೇ ಸಾಲು ಮತ್ತೆ ಹೋಗುತ್ತದೆ.

ಆ ಸಾಲಿನಲ್ಲಿ ಕೆಟ್ಟ ಮಾತೇನೂ ಇಲ್ಲ. ಆದರೆ ಕೊಟ್ಟ ಸಾಲ ವಾಪಸ್ ಕೇಳುವವರ ದನಿ ಇದೆ. ಓದಿದವರಿಗೆ ಹೊಸದಾಗಿ ಏನೂ ಸಿಗುವುದಿಲ್ಲ, ಒಂದು ಕೆಲಸ ಮಾತ್ರ ಜಾಸ್ತಿ ಆಗುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಫಾಲೋ ಅಪ್ ಮಾಡಲೇಬೇಕು, ಅದರಲ್ಲಿ ಸಂಕೋಚ ಬೇಡ. ಆದರೆ ನಿಮ್ಮ ಮೇಲ್ ಓದಿದವರಿಗೆ ‘ಬೇಡ’ ಅನ್ನುವುದು ‘ಆಗಲಿ’ ಅನ್ನುವಷ್ಟೇ ಸುಲಭ ಆಗಬೇಕು. ಎಷ್ಟು ಸಲ ಬರೆದಿರಿ ಅನ್ನುವುದು ಆಮೇಲಿನ ಮಾತು. ಬೇಡ ಅನ್ನಲು ಜಾಗ ಇಲ್ಲದಿದ್ದರೆ ಒಂದೇ ಮೇಲ್ ಆದರೂ ಕಾಟವೇ.

ಆ ಕಡೆ ಏನು ನಡೆಯುತ್ತಿರುತ್ತದೆ ನೋಡಿ. ಪರ್ಚೇಸ್‌ನಲ್ಲಿ ಕೂತವರು ಸಾಮಾನ್ಯವಾಗಿ ಮೂರು ಕಡೆಯಿಂದ ಕೊಟೇಶನ್ ತರಿಸಬೇಕು. ಮೂರೂ ಬಂದ ಮೇಲೆ ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಮಾಡಬೇಕು. ಅದು ಇಂಡೆಂಟ್ (ಈ ಸಾಮಾನು ಬೇಕು ಅನ್ನುವ ಒಳಗಿನ ಬೇಡಿಕೆ) ಹಾಕಿದ ವಿಭಾಗಕ್ಕೆ ಹೋಗಿ, ಅಲ್ಲಿಂದ ಫೈನಾನ್ಸ್‌ಗೆ ಹೋಗಿ, ಸಹಿ ಆಗಿ ಬರಬೇಕು. ನಿಮ್ಮದು ಬಂದಿದೆ, ಮೂರನೆಯವರದು ಬಂದಿಲ್ಲ ಅಂತಲೇ ಫೈಲ್ ನಿಂತಿರಬಹುದು. ಡಿಸೈನ್ ಬದಲಾಗಿ ಇಂಡೆಂಟೇ ರದ್ದಾಗಿರಬಹುದು. ನಿಮ್ಮ ಮೇಲ್ ಓದುವವರ ಕೈಯಲ್ಲಿ ಆ ತೀರ್ಮಾನ ಇರುವುದೇ ಇಲ್ಲ. ಅವರಿಗೂ ಗೊತ್ತಿಲ್ಲದ ವಿಷಯವನ್ನು ನೀವು ಪದೇ ಪದೇ ಕೇಳಿದರೆ ಅವರು ತಾನೇ ಏನು ಬರೆಯಬೇಕು?

ಕೆಲವು ಸಲ ಮೇಲ್ ಮುಟ್ಟಿಯೇ ಇರುವುದಿಲ್ಲ. ಜಿಮೇಲ್‌ನಲ್ಲಿ 25 ಎಂಬಿವರೆಗೆ ಅಟ್ಯಾಚ್ ಮಾಡಬಹುದು, ಆದರೆ ಎಷ್ಟೋ ಕಂಪನಿಗಳ ಸರ್ವರ್ ಅದಕ್ಕಿಂತ ಕಮ್ಮಿಗೇ ತಡೆಯುತ್ತದೆ. ಜಿಪ್ ಫೈಲ್ ಆದರೆ ಇನ್ನೂ ಕಷ್ಟ. ಸ್ವಂತ ಡೊಮೈನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ನಿಮ್ಮದೇ ಹೆಸರು) ಇದ್ದು ಎಸ್‌ಪಿಎಫ್, ಡಿಕೆಐಎಂ ಸೆಟ್ಟಿಂಗ್ (ಮೇಲ್ ನಿಜಕ್ಕೂ ನಿಮ್ಮ ಡೊಮೈನ್ ಕಡೆಯಿಂದಲೇ ಬಂದಿದೆ ಅಂತ ತೋರಿಸುವಂಥವು) ಸರಿ ಇಲ್ಲದಿದ್ದರೆ ಕೊಟೇಶನ್ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಕೂತಿರಬಹುದು. ಆದ್ದರಿಂದ ಕೊಟೇಶನ್ ಕಳಿಸಿದ ಮರುದಿನ ಒಂದು ಸಲ ಫೋನ್ ಮಾಡಿ ‘ಮೇಲ್ ತಲುಪಿತಾ?’ ಅಂತ ಕೇಳುವುದು ತಪ್ಪಲ್ಲ. ಅಷ್ಟನ್ನೇ ಕೇಳಿ. ಆರ್ಡರ್ ಸುದ್ದಿ ಎತ್ತಬೇಡಿ.

ಇನ್ನು ಎರಡನೇ ಮೇಲ್. ಒಂದು ವಾರ ಬಿಟ್ಟು ಬರೆಯಿರಿ. ಹಳೆಯ ಮೇಲ್‌ಗೇ ರಿಪ್ಲೈ ಮಾಡಿ, ಹುಡುಕುವ ಕೆಲಸ ಅವರಿಗೆ ಬೀಳಬಾರದು. ಅವರಿಗೆ ಉಪಯೋಗಕ್ಕೆ ಬರುವ ಒಂದು ಹೊಸ ವಿಷಯ ಅದರಲ್ಲಿ ಇರಲಿ. ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ ಮೇಡಂ. ಹೋದ ಸೋಮವಾರ ಕಳಿಸಿದ ಬುಷ್ ಕೊಟೇಶನ್ ಬಗ್ಗೆ ಬರೆಯುತ್ತಿದ್ದೇನೆ. 500 ಪೀಸ್‌ಗೆ ರೇಟ್ ಕೊಟ್ಟಿದ್ದೆವು. ಮೊದಲ ಲಾಟ್ 100 ಸಾಕು ಅನ್ನುವುದಾದರೆ ಅದರ ರೇಟನ್ನೂ ಕೆಳಗೆ ಹಾಕಿದ್ದೇನೆ. ಒಳಗಿನ ಬೋರ್ ಟಾಲರೆನ್ಸ್ ಸ್ವಲ್ಪ ಸಡಿಲ ಮಾಡಬಹುದಾದರೆ ಗ್ರೈಂಡಿಂಗ್ ಬೇಕಾಗುವುದಿಲ್ಲ, ರೇಟ್ ಇಳಿಯುತ್ತದೆ. ನಿಮ್ಮ ಡಿಸೈನ್‌ನವರನ್ನು ಒಮ್ಮೆ ಕೇಳಿ ನೋಡಿ. ಈ ಕೆಲಸ ಬೇರೆಯವರಿಗೆ ಹೋಗಿದ್ದರೆ, ಇಲ್ಲವೇ ಸದ್ಯಕ್ಕೆ ನಿಂತಿದ್ದರೆ, ಒಂದು ಸಾಲು ತಿಳಿಸಿ ಸಾಕು. ನಾನು ಫೈಲ್ ಮುಚ್ಚುತ್ತೇನೆ.’

(ಬುಷ್ ಅಂದರೆ ಕೊಳವೆಯಂಥ ಬಿಡಿಭಾಗ, ಬೋರ್ ಅಂದರೆ ಅದರ ಒಳಗಿನ ತೂತು, ಟಾಲರೆನ್ಸ್ ಅಂದರೆ ಅಳತೆಯಲ್ಲಿ ಒಪ್ಪುವ ಹೆಚ್ಚು ಕಮ್ಮಿ.) ಈ ಮೇಲ್‌ನಲ್ಲಿ ಅವರು ತಮ್ಮ ಮೇಲಿನವರಿಗೆ ತೋರಿಸಬಹುದಾದ ವಿಷಯ ಇದೆ. ರೇಟ್ ಇಳಿಸುವ ದಾರಿ ಇದೆ. ಕೊನೆಯ ಎರಡು ಸಾಲಿನಲ್ಲಿ ಬಿಡುಗಡೆಯೂ ಇದೆ. ನೀವು ವೆಬ್‌ಸೈಟ್ ಮಾಡುವವರಾಗಿದ್ದರೆ ಕ್ಲೈಂಟ್‌ನ ಈಗಿನ ಸೈಟ್ ಮೊಬೈಲ್‌ನಲ್ಲಿ ಎಲ್ಲಿ ಒಡೆಯುತ್ತಿದೆ ಅಂತ ಒಂದು ಸ್ಕ್ರೀನ್‌ಶಾಟ್ ಹಾಕಿ. ಮದುವೆ ಫೋಟೋ ತೆಗೆಯುವವರಾಗಿದ್ದರೆ ಅವರು ಬುಕ್ ಮಾಡಿರುವ ಛತ್ರದಲ್ಲಿ ನೀವು ಮೊದಲು ತೆಗೆದ ಒಂದೆರಡು ಫೋಟೋ ಕಳಿಸಿ. ಹೇಳಲು ಹೊಸದೇನೂ ಇಲ್ಲ ಅಂದರೆ ಇನ್ನೂ ನಾಲ್ಕು ದಿನ ಕಾಯಿರಿ.

ಬೇಡ ಅನ್ನುವ ದಾರಿಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಜನರಿಗೆ ದಾಕ್ಷಿಣ್ಯ ಜಾಸ್ತಿ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದು ಕಷ್ಟ. ‘ನೋಡೋಣ’, ‘ಹೇಳ್ತೀವಿ’, ‘ಹಬ್ಬ ಕಳೀಲಿ’ ಅಂತಾರೆ. ಮೇಲ್‌ನಲ್ಲಿ ಅದನ್ನೂ ಬರೆಯಲಾಗದೆ ಸುಮ್ಮನಾಗುತ್ತಾರೆ. ಕೆಟ್ಟವರು ಅಂತಲ್ಲ, ನೋಯಿಸಬಾರದು ಅಂತ. ಆ ಭಾರವನ್ನು ನೀವೇ ಮುಂದಾಗಿ ಇಳಿಸಿದರೆ ಅವರು ನಿಜ ಹೇಳುತ್ತಾರೆ. ‘ಬೇಡ’ ಅಂತ ಬೇಗ ಗೊತ್ತಾಗುವುದು ನಿಮಗೂ ಲಾಭ. ಸಿಗದ ಆರ್ಡರ್‌ಗೆ ಮೆಷಿನ್ ಖಾಲಿ ಇಟ್ಟುಕೊಂಡು ಕೂರುವ ನಷ್ಟ ಸಣ್ಣ ಶಾಪ್‌ನವರಿಗೆ ಚೆನ್ನಾಗಿ ಗೊತ್ತು.

ಸುಳ್ಳು ಅವಸರ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ‘ಈ ರೇಟ್ ನಾಳೆವರೆಗೆ ಮಾತ್ರ’ ಅಂತ ಬರೆದು, ನಾಡಿದ್ದು ಕೇಳಿದಾಗ ಅದೇ ರೇಟ್ ಕೊಟ್ಟರೆ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಉಕ್ಕಿನ ರೇಟ್ ನಿಜವಾಗಿ ಏರಿ ಇಳಿಯುತ್ತದೆ. ಅದಕ್ಕೇ ಕೊಟೇಶನ್ ಕೆಳಗೆ 15 ದಿನ, 30 ದಿನ ಅಂತ ವ್ಯಾಲಿಡಿಟಿ ಹಾಕುವುದು. ಆ ದಿನ ಹತ್ತಿರ ಬಂದಾಗ ‘ಶುಕ್ರವಾರಕ್ಕೆ ಅವಧಿ ಮುಗಿಯುತ್ತದೆ, ಆಮೇಲೆ ಮೆಟೀರಿಯಲ್ ರೇಟ್ ಮತ್ತೆ ವಿಚಾರಿಸಿ ಹೇಳಬೇಕಾಗುತ್ತದೆ’ ಅಂತ ತಿಳಿಸುವುದು ನ್ಯಾಯವಾದ ಮಾತು. ಅದೇ ರೀತಿ, ಹಿಂದೆ ಎಂದೂ ಮಾತೇ ನಡೆಯದವರಿಗೆ ಸಬ್ಜೆಕ್ಟ್‌ನಲ್ಲಿ ‘Re:’ (ಉತ್ತರ ಅನ್ನುವ ಗುರುತು) ಅಂತ ಹಾಕಿ, ಹಳೆಯ ಮಾತುಕತೆ ಮುಂದುವರಿದ ಹಾಗೆ ತೋರಿಸುವುದು ಮೋಸ. ಅದಕ್ಕೆ ಬೇರೆ ಹೆಸರು ನನಗೆ ಸಿಗುವುದಿಲ್ಲ.

ಮೇಲ್ ತೆರೆದರಾ ಇಲ್ಲವಾ ಅಂತ ಗುಟ್ಟಾಗಿ ತಿಳಿಸುವ ಟ್ರ್ಯಾಕಿಂಗ್ ಟೂಲ್‌ಗಳಿವೆ. ಮೇಲ್ ಒಳಗೆ ಕಣ್ಣಿಗೆ ಕಾಣದ ಒಂದು ಪುಟ್ಟ ಚಿತ್ರ ಸೇರಿಸಿರುತ್ತಾರೆ. ಅದು ಲೋಡ್ ಆದಾಗ ನಿಮಗೆ ಸುದ್ದಿ ಮುಟ್ಟುತ್ತದೆ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಒಂದು ರಕ್ಷಣೆ ತಂದಿತು. ಅದನ್ನು ಆನ್ ಮಾಡಿಕೊಂಡವರು ಮೇಲ್ ತೆರೆಯದಿದ್ದರೂ ಚಿತ್ರ ಹಿನ್ನೆಲೆಯಲ್ಲಿ ಲೋಡ್ ಆಗಬಹುದು. ಹಾಗಾಗಿ ‘ಓಪನ್ ಆಗಿದೆ’ ಅನ್ನುವುದನ್ನು ಈಗ ನಂಬುವ ಹಾಗೇ ಇಲ್ಲ. ನಂಬುವ ಹಾಗಿದ್ದರೂ ನಾನು ಅದನ್ನು ಬಳಸಿ ಅನ್ನುವುದಿಲ್ಲ. ‘ನೀವು ನೋಡಿದ್ದೀರಿ ಅಂತ ನನಗೆ ಗೊತ್ತು’ ಅನ್ನುವ ಧಾಟಿ ಒಮ್ಮೆ ನುಸುಳಿದರೆ ಓದಿದವರು ಹಿಂದೆ ಸರಿಯುತ್ತಾರೆ. ಮೇಲ್ ಕಳಿಸಿದ ಅರ್ಧ ಗಂಟೆಗೆ ‘ಸರ್, ಮೇಲ್ ನೋಡಿದ್ರಾ?’ ಅಂತ ವಾಟ್ಸ್‌ಆ್ಯಪ್ ಮಾಡುವುದೂ ಇದೇ ಜಾತಿಗೆ ಸೇರಿದ್ದು. ಮೇಲ್‌ನಲ್ಲಿ ಶುರುವಾದ ಮಾತು ಮೇಲ್‌ನಲ್ಲೇ ನಡೆಯಲಿ. ಅವರೇ ವಾಟ್ಸ್‌ಆ್ಯಪ್‌ಗೆ ಬಂದರೆ ನೀವೂ ಹೋಗಿ.

ದಿನ ನೋಡುವುದೂ ಮುಖ್ಯ. ಮಾರ್ಚ್ ಕೊನೆಯ ವಾರ ಎಲ್ಲರೂ ವರ್ಷದ ಲೆಕ್ಕ ಮುಗಿಸುವುದರಲ್ಲಿ ಇರುತ್ತಾರೆ. ಸಣ್ಣ ಕಂಪನಿಗಳಲ್ಲಿ ಖರೀದಿ, ಅಕೌಂಟ್ಸ್ ಎರಡನ್ನೂ ಒಬ್ಬರೇ ನೋಡುತ್ತಾರೆ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11 ಮತ್ತು 20ನೇ ತಾರೀಖಿನ ಆಸುಪಾಸು ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಆಯುಧ ಪೂಜೆ, ದೀಪಾವಳಿ ವಾರ ಬಿಟ್ಟುಬಿಡಿ. ಹೋದ ಮೇಲ್ ಹಬ್ಬದ ಶುಭಾಶಯಗಳ ರಾಶಿಯಲ್ಲಿ ಹೂತು ಹೋಗುತ್ತದೆ.

‘ಬಿಡದೆ ಕಳಿಸುತ್ತಿದ್ದರೆ ಒಂದಲ್ಲ ಒಂದು ದಿನ ಆರ್ಡರ್ ಬರುತ್ತದೆ’ ಅನ್ನುವವರಿದ್ದಾರೆ. ಒಮ್ಮೊಮ್ಮೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬೇಸತ್ತವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಹಾಗೆ ಒತ್ತುವವರು ಜಾಸ್ತಿಯಾದರೆ ನಿಮ್ಮ ಡೊಮೈನ್‌ಗೆ ಕೆಟ್ಟ ಹೆಸರು ಬರುತ್ತದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರ ಸ್ಪ್ಯಾಮ್ ದೂರು ಶೇ 0.3ಕ್ಕೆ ಮುಟ್ಟಬಾರದು ಅಂತ ಗೂಗಲ್ 2024ರ ಫೆಬ್ರವರಿಯಿಂದ ನಿಯಮ ಮಾಡಿದೆ. ಸಾವಿರಕ್ಕೆ ಮೂರು! ನಿಮ್ಮ ಶಾಪ್ ಅಷ್ಟು ಮೇಲ್ ಕಳಿಸುವುದಿಲ್ಲ, ಸರಿ. ಆದರೂ ಡೊಮೈನ್ ಹೆಸರು ಕೆಟ್ಟರೆ ಹಳೆಯ ಕ್ಲೈಂಟ್‌ಗೆ ಕಳಿಸಿದ ಇನ್‌ವಾಯ್ಸ್ ಕೂಡ ಸ್ಪ್ಯಾಮ್‌ಗೆ ಹೋಗಬಹುದು. ಆಗ ನಿಲ್ಲುವುದು ಬರಬೇಕಾದ ದುಡ್ಡು.

ಹಾಗಾದರೆ ಎಲ್ಲಿಗೆ ನಿಲ್ಲಿಸಬೇಕು? ಕೊಟೇಶನ್ ನಂತರ ಎರಡು ಮೇಲ್, ನಡುವೆ ವಾರ ಹತ್ತು ದಿನದ ಅಂತರ. ಆಮೇಲೆ ತಿಂಗಳು ಕಳೆದು ಕೊನೆಯದೊಂದು: ‘ಸದ್ಯಕ್ಕೆ ಈ ಕೆಲಸ ಮುಂದುವರಿಯುತ್ತಿಲ್ಲ ಅಂದುಕೊಂಡು ಇಲ್ಲಿಗೆ ನಿಲ್ಲಿಸುತ್ತೇನೆ. ಮುಂದೆ ಬೇಕಾದಾಗ ಇದೇ ಮೇಲ್‌ಗೆ ಬರೆಯಿರಿ, ಹೊಸ ರೇಟ್ ಕಳಿಸುತ್ತೇನೆ.’ ಇದನ್ನು ಬೆದರಿಕೆಯ ಹಾಗೆ, ಮುನಿಸಿನ ಹಾಗೆ ಬರೆಯಬೇಡಿ. ಬರೆದ ಮೇಲೆ ನಿಜವಾಗಿಯೂ ನಿಲ್ಲಿಸಿ.

‘ಬೇಡ’ ಅಂತ ಉತ್ತರ ಬಂದರೆ ಅದೇ ದಿನ ಧನ್ಯವಾದ ಹೇಳಿ. ಜೊತೆಗೆ ಒಂದೇ ಒಂದು ಪ್ರಶ್ನೆ ಕೇಳಬಹುದು: ರೇಟ್ ಹೊಂದಲಿಲ್ಲವಾ, ಡೆಲಿವರಿ ದಿನ ಹೊಂದಲಿಲ್ಲವಾ? ಹೆಚ್ಚಿನವರು ಈ ಹೊತ್ತಿಗೆ ಬಿಚ್ಚು ಮನಸ್ಸಿನಿಂದ ಉತ್ತರ ಕೊಡುತ್ತಾರೆ. ಅವರು ಹೇಳಿದ್ದನ್ನು ಆ ಕಂಪನಿಯ ಫೈಲ್‌ನಲ್ಲೇ ಬರೆದಿಡಿ. ಅವರಿಂದ ಮುಂದಿನ ಎನ್‌ಕ್ವೈರಿ ಬಂದಾಗ ಮೊದಲು ಅದನ್ನು ತೆಗೆದು ಓದಿ, ಆಮೇಲೆ ರೇಟ್ ಹಾಕಿ.